ದಂತಶೋಭೆಯೂ ವಿವೇಕವೂ

ದೇಹಕ್ಕೆ ಆಗುವ ಹಾನಿಗಳಲ್ಲಿ ಎರಡು ಬಗೆ. ಚರ್ಮ ಸೀಳಿದರೆ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಕತ್ತರಿಸಿದ ಕೂದಲು, ಉಗುರುಗಳು ಮತ್ತೆ ಬೆಳೆಯುತ್ತವೆ. ಇದು ಮಾಯುವ ಹಾನಿ. ಆದರೆ ಹಲ್ಲಿನ ಮೇಲ್ಮೈಯಿಂದ ಒಮ್ಮೆ ಉಜ್ಜಿ ತೆಗೆದ ಎನಾಮಲ್ ಎಂಬ ಕವಚವು ಆಯುಷ್ಯವಿರುವವರೆಗೂ ಮತ್ತೆ ಹುಟ್ಟುವುದಿಲ್ಲ. ಇದು ಮಾಯದ ಹಾನಿ. ಮೊದಲನೆಯ ಬಗೆಯಲ್ಲಿ ಮನುಷ್ಯನು ತಪ್ಪಿದರೂ ಪ್ರಕೃತಿ ತಿದ್ದುತ್ತದೆ. ಎರಡನೆಯದರಲ್ಲಿ ತಿದ್ದುವವರು ಯಾರೂ ಇಲ್ಲ. ಆದ್ದರಿಂದ ಅಲ್ಲಿ ಮೊದಲೇ ವಿವೇಚಿಸುವ ಹೊಣೆ ಹೆಚ್ಚು. ಈ ಹೊಣೆ ಯಾರದು, ಎಷ್ಟು ಎಂಬುದೇ ಇಲ್ಲಿಯ ವಿಚಾರ.

ಓದುಗರು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಮದುವೆ ನಿಶ್ಚಯವಾದ ಇಪ್ಪತ್ತೈದರ ಹರೆಯದ ಯುವತಿಯೊಬ್ಬಳು ಮುಂದಿನ ಎಂಟು ಹಲ್ಲುಗಳಿಗೆ ಪಿಂಗಾಣಿಯ ವೆನೀರ್ ಹಾಕಿಸಿಕೊಳ್ಳುತ್ತಾಳೆ. ಅವಳ ಹಲ್ಲುಗಳಲ್ಲಿ ಹುಳುಕಿರಲಿಲ್ಲ, ನೋವಿರಲಿಲ್ಲ; ಬಣ್ಣ ತುಸು ಹಳದಿಯಾಗಿತ್ತು, ಎರಡು ಹಲ್ಲುಗಳ ನಡುವೆ ಸಣ್ಣ ಸಂದು ಇತ್ತು, ಅಷ್ಟೆ. ಕನ್ನಡಿಯಲ್ಲಿ ನಗು ಈಗ ಮುತ್ತು ಪೋಣಿಸಿದಂತೆ ಕಾಣುತ್ತದೆ. ಆದರೆ ಮರುದಿನ ತಣ್ಣನೆಯ ಮಜ್ಜಿಗೆಯ ಮೊದಲ ಗುಟುಕಿಗೇ ಹಲ್ಲುಗಳು ಜುಮ್ಮೆಂದು ಕಣ್ಣಲ್ಲಿ ನೀರು ಬರುತ್ತದೆ. ಬಿಸಿ ಸಾರು, ಹುಳಿ, ಬೆಳಗಿನ ಗಾಳಿ, ಎಲ್ಲವೂ ಶತ್ರುಗಳಾಗುತ್ತವೆ. ವೈದ್ಯರನ್ನು ಕೇಳಿದರೆ, "ಸ್ವಲ್ಪ ದಿನ ತಾಳಿಕೊಳ್ಳಮ್ಮಾ, ತಾನಾಗಿಯೇ ಹೋಗುತ್ತದೆ" ಎಂಬ ಉತ್ತರ. ಬಹುಪಾಲು ಪ್ರಸಂಗಗಳಲ್ಲಿ ಈ ಮಾತು ನಿಜವೂ ಹೌದು. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಆ ನೋವು ಶಮನವಾಗುತ್ತದೆ. ಆದರೆ ನೋವು ಹೋದ ಮಾತ್ರಕ್ಕೆ ಅದು ಎತ್ತಿದ ಪ್ರಶ್ನೆಯೂ ಹೋಯಿತೇ?

ಈ ಪ್ರಶ್ನೆಯನ್ನು ತೂಗಬೇಕಾದರೆ ವೆನೀರ್ ಎಂದರೇನು, ಅದು ಹೇಗೆ ಬಂದಿತು ಎಂಬುದನ್ನು ಮೊದಲು ತಿಳಿಯಬೇಕು. 1928ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಅವರು ಹಾಲಿವುಡ್ಡಿನ ಚಲನಚಿತ್ರ ನಟರಿಗಾಗಿ ಹಲ್ಲಿನ ಮುಂಭಾಗವನ್ನು ಮುಚ್ಚುವ ತೆಳುವಾದ ಹಾಳೆಗಳನ್ನು ಮಾಡಿದರು. ಕಟ್ಟಿದ ಹಲ್ಲಿನ ಸೆಟ್ಟನ್ನು ಹಿಡಿದಿಡುವ ಪುಡಿಯಿಂದ ಅವನ್ನು ತಾತ್ಕಾಲಿಕವಾಗಿ ಅಂಟಿಸಲಾಗುತ್ತಿತ್ತು. ಚಿತ್ರೀಕರಣ ಮುಗಿದ ಮೇಲೆ ನಟರು ಅವನ್ನು ಕಳಚಿಡುತ್ತಿದ್ದರು. ಅದು ಬಣ್ಣ ಹಚ್ಚಿಕೊಂಡಂತೆ, ಕಿರೀಟ ಧರಿಸಿದಂತೆ ಒಂದು ವೇಷ. ವೇಷ ಕಳಚಿದ ಮೇಲೆ ಸ್ವಂತ ಹಲ್ಲು ಇದ್ದ ಹಾಗೆಯೇ ಇರುತ್ತಿತ್ತು.

1955ರಲ್ಲಿ ಮೈಕೆಲ್ ಬ್ಯೂನೋಕೋರ್ ಎಂಬ ವಿಜ್ಞಾನಿ, ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ಅದರ ಮೇಲ್ಮೈಯನ್ನು ಸೂಕ್ಷ್ಮವಾಗಿ ಒರಟಾಗಿಸಿದರೆ ರಾಳವು ಅದಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದನ್ನು ತೋರಿಸಿದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಸೈಮನ್ಸನ್ ಮತ್ತು ಕಲಾಮಿಯಾ ಎಂಬ ಸಂಶೋಧಕರು ಪಿಂಗಾಣಿಯ ಒಳಮೈಯನ್ನೂ ಆಮ್ಲದಿಂದ ಒರಟಾಗಿಸಿ ಅದನ್ನು ಹಲ್ಲಿಗೆ ಶಾಶ್ವತವಾಗಿ ಬಂಧಿಸುವ ವಿಧಾನವನ್ನು ರೂಢಿಗೆ ತಂದರು. ಅಲ್ಲಿಗೆ ಸಂಜೆ ಕಳಚಿಡುವ ವೇಷವು ಬಾಳಿನುದ್ದಕ್ಕೂ ಹೊರುವ ಅಂಗವಾಯಿತು. ನೈತಿಕ ಪ್ರಶ್ನೆ ಹುಟ್ಟಿದ್ದು ಈ ತಿರುವಿನಲ್ಲಿಯೇ.

ಅಂಟಿಸಿದ ಪಿಂಗಾಣಿ ಹಲ್ಲಿಗಿಂತ ದಪ್ಪವಾಗಿ ಮುಂದಕ್ಕೆ ಚಾಚಬಾರದು. ಆದ್ದರಿಂದ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟು ಎನಾಮಲ್ಲನ್ನು ಮೊದಲು ಉಜ್ಜಿ ತೆಗೆದು ಅದಕ್ಕೆ ಎಡೆ ಮಾಡುತ್ತಾರೆ. ಅರ್ಧ ಮಿಲಿಮೀಟರ್ ಎಂದರೆ ಕೇಳುವವರಿಗೆ ಏನೂ ಅಲ್ಲ. ಆದರೆ ಬಾಚಿಹಲ್ಲಿನ ತುದಿಯಲ್ಲಿ ಎನಾಮಲ್ಲಿನ ದಪ್ಪ ಸುಮಾರು ಎರಡು ಮಿಲಿಮೀಟರ್ ಇದ್ದರೆ, ವಸಡಿನ ಬಳಿ ಹಲ್ಲಿನ ಕುತ್ತಿಗೆಯಲ್ಲಿ ಅದು ಅರ್ಧ ಮಿಲಿಮೀಟರೂ ಇಲ್ಲದಷ್ಟು ತೆಳುವಾಗಿರುತ್ತದೆ. ತುದಿಯಲ್ಲಿ ಅಲ್ಪವೆನಿಸುವ ಅಳತೆ ಬುಡದಲ್ಲಿ ಸರ್ವಸ್ವವಾಗಬಹುದು. ಕೈ ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಕವಚ ಮುಗಿದು ಒಳಗಿನ ಡೆಂಟಿನ್ ಹೊರಬೀಳುತ್ತದೆ.

ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಅದರಲ್ಲಿ ಜೀವಕೋಶಗಳಿಲ್ಲ, ನರಗಳಿಲ್ಲ. ಅದನ್ನು ನಿರ್ಮಿಸಿದ ಕೋಶಗಳು ಹಲ್ಲು ವಸಡಿನಿಂದ ಮೇಲೆ ಬರುವಷ್ಟರಲ್ಲಿಯೇ ನಾಶವಾಗಿರುತ್ತವೆ. ಡೆಂಟಿನ್ ಹಾಗಲ್ಲ. ಅದರ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ನಾಳಗಳಿವೆ: ಹೊರಮೈಯ ಬಳಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 20,000, ತಿರುಳಿನ ಹತ್ತಿರ ಸುಮಾರು 45,000. ಈ ನಾಳಗಳಲ್ಲಿ ದ್ರವವಿದೆ; ಒಳತುದಿಯಲ್ಲಿ ನರತಂತುಗಳಿವೆ. ತಣ್ಣನೆಯ ವಸ್ತು ತಾಗಿದಾಗ ದ್ರವ ಹೊರಕ್ಕೆ ಸರಿಯುತ್ತದೆ, ಬಿಸಿ ತಾಗಿದಾಗ ಒಳಕ್ಕೆ; ಆ ಚಲನೆಯನ್ನೇ ನರವು ನೋವೆಂದು ಗ್ರಹಿಸುತ್ತದೆ. ಸ್ವೀಡನ್ನಿನ ಮಾರ್ಟಿನ್ ಬ್ರೆನ್‌ಸ್ಟ್ರಮ್ ಅವರು 1960ರ ದಶಕದಲ್ಲಿ ಪ್ರಯೋಗಗಳಿಂದ ಸಮರ್ಥಿಸಿದ ಈ ವಿವರಣೆಯೇ ಇಂದಿಗೂ ಬಹುಮಾನ್ಯವಾಗಿದೆ.

ಹೀಗಾಗಿ ವೆನೀರಿನ ನಂತರದ ಜುಮ್ಮೆನ್ನುವಿಕೆಗೆ ಕಾರಣಗಳು ಹಲವು. ಉಜ್ಜುವಾಗ ನೀರಿನ ತಂಪು ಸಾಲದೆ ಹುಟ್ಟಿದ ಶಾಖದಿಂದ ತಿರುಳು ಕೆರಳಿರಬಹುದು. ಪಿಂಗಾಣಿ ಸಿದ್ಧವಾಗುವ ತನಕ ಹಾಕಿದ ತಾತ್ಕಾಲಿಕ ಹೊದಿಕೆಯ ಸಂದಿನಲ್ಲಿ ನೀರು ಇಳಿದಿರಬಹುದು. ಅಂಟು ಡೆಂಟಿನ್ನಿನ ಮೇಲೆ ಸರಿಯಾಗಿ ಕೂತಿಲ್ಲದಿರಬಹುದು. ಎನಾಮಲ್ಲಿನ ಮೇಲೆ ಹಿಡಿಯುವಷ್ಟು ಭದ್ರವಾಗಿ ಅದು ಡೆಂಟಿನ್ನಿನ ಮೇಲೆ ಹಿಡಿಯುವುದಿಲ್ಲ. ಹೊಸ ಹಲ್ಲು ತುಸು ಎತ್ತರವಾಗಿ ಕಚ್ಚುವಾಗ ಅದರ ಮೇಲೆಯೇ ಭಾರ ಬೀಳುತ್ತಿರಬಹುದು. ನಿದ್ದೆಯಲ್ಲಿ ಹಲ್ಲು ಮಸೆಯುವ ಅಭ್ಯಾಸವಿರಬಹುದು. ಇವುಗಳಲ್ಲಿ ಕೆಲವಕ್ಕೆ ಪರಿಹಾರ ಸುಲಭ: ಎತ್ತರವಾದ ಕಡೆ ಸಮ ಮಾಡುವುದು, ಫ್ಲೋರೈಡ್ ಲೇಪ, ಪೊಟ್ಯಾಸಿಯಂ ನೈಟ್ರೇಟ್ ಇರುವ ಟೂತ್‌ಪೇಸ್ಟ್, ರಾತ್ರಿ ಧರಿಸುವ ರಕ್ಷಾಪಟ್ಟಿ. ಆದರೆ ತಣ್ಣನೆಯದು ತಾಗಿ ಹೋದ ಮೇಲೂ ನೋವು ನಿಲ್ಲದಿದ್ದರೆ, ಏನೂ ತಾಗದೆಯೇ ನಡುರಾತ್ರಿ ಹಲ್ಲು ಮಿಡಿಯತೊಡಗಿದರೆ, ತಿರುಳು ಚೇತರಿಸಿಕೊಳ್ಳಲಾರದ ಸ್ಥಿತಿಗೆ ಹೋಗಿದೆ ಎಂಬ ಶಂಕೆಗೆ ಎಡೆಯಿದೆ. ಅಂಥ ನೋವನ್ನು ತಾಳಿಕೊಳ್ಳುವುದು ಸಹನೆಯಲ್ಲ, ಅಲಕ್ಷ್ಯ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ರೂಟ್ ಕೆನಾಲ್ ಮಾಡಿಸುವ ಪ್ರಸಂಗವೂ ಬರಬಹುದು.

ಇನ್ನು ನೀತಿಯ ವಿಚಾರ. ಅಲಂಕಾರವೇ ತಪ್ಪು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ. ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಸೀಮೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲುಗಳು ಕಂದು ಕಲೆಗಳಿಂದ, ಗುಳಿಗಳಿಂದ ಕೂಡಿರುತ್ತವೆ. ಲೀಟರಿಗೆ ಒಂದು ಮಿಲಿಗ್ರಾಂ ಎಂಬ ಅಪೇಕ್ಷಿತ ಮಿತಿಯನ್ನೂ, ಬೇರೆ ನೀರಿಲ್ಲದಾಗ ಒಪ್ಪಬಹುದಾದ ಒಂದೂವರೆ ಮಿಲಿಗ್ರಾಮನ್ನೂ ಮೀರಿದ ನೀರನ್ನು ಅವರು ತಾವಾಗಿ ಆರಿಸಿಕೊಂಡವರಲ್ಲ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಬೆಳೆದ ಹುಡುಗಿಗೆ, ಸಂದರ್ಶನದಲ್ಲಿ ತುಟಿ ಬಿಚ್ಚಲು ಅಂಜುವ ಹುಡುಗನಿಗೆ ವೆನೀರ್ ವಿಲಾಸವಲ್ಲ, ಅದು ಚಿಕಿತ್ಸೆ. ಅಪಘಾತದಲ್ಲಿ ಹಲ್ಲು ಮುರಿದವರ ಪಾಲಿಗೂ ಹಾಗೆಯೇ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಸಂಸ್ಕೃತಿಯಲ್ಲಿ ಇಂಥ ಉಪಚಾರವನ್ನು ಹೀಗಳೆಯಲು ಕಾರಣವಿಲ್ಲ.

ಆದರೆ ಅದೇ ಸಂಸ್ಕೃತಿಯಲ್ಲಿ ಶ್ರಾವಕನ ಗುಣವ್ರತಗಳೊಳಗೆ ಅನರ್ಥದಂಡವಿರತಿ ಎಂಬುದೊಂದಿದೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಅನರ್ಥದಂಡದ ಪರಿಚಿತ ನಿದರ್ಶನಗಳು. ಬೇಸಾಯಗಾರನು ನೆಲ ಅಗೆಯದೆ ಇರಲಾರ. ಅವನ ಅಗೆತಕ್ಕೆ ಅರ್ಥವಿದೆ. ಕ್ರಿಯೆ ಒಂದೇ ಆದರೂ ಪ್ರಯೋಜನವಿದ್ದಲ್ಲಿ ಅದು ಕಾಯಕ, ಇಲ್ಲದಲ್ಲಿ ದಂಡ. ಕಲೆಗಟ್ಟಿ ಗುಳಿಬಿದ್ದ ಹಲ್ಲನ್ನು ಉಜ್ಜುವುದಕ್ಕೂ ಸ್ವಸ್ಥವಾದ ಹಲ್ಲನ್ನು ಇನ್ನೊಂದು ಛಾಯೆ ಬೆಳ್ಳಗಾಗಲೆಂದು ಉಜ್ಜುವುದಕ್ಕೂ ಇರುವ ಅಂತರ ಇದೇ. ಉಪಕರಣ ಒಂದೇ, ಕೈ ಒಂದೇ, ನೋವು ಒಂದೇ, ಅರ್ಥ ಬೇರೆ.

ಇದಕ್ಕೆ ಒಂದು ಬಲವಾದ ಆಕ್ಷೇಪಣೆ ಉಂಟು. "ಹಲ್ಲು ಅವಳದು, ಹಣ ಅವಳದು, ಅವಳಿಗೆ ಬೇಕೆನಿಸಿದ್ದನ್ನು ಮಾಡಿಸಿಕೊಂಡರೆ ಇತರರಿಗೇನು?" ಈ ಮಾತನ್ನು ಲಘುವಾಗಿ ತಳ್ಳಿಹಾಕಬಾರದು. ತನ್ನ ದೇಹದ ಬಗೆಗೆ ತಾನೇ ನಿರ್ಧರಿಸುವ ಸ್ವಾತಂತ್ರ್ಯ ದೊಡ್ಡ ಮೌಲ್ಯ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಕಾಲದ ಸಂಗತಿ. ಪಿಂಗಾಣಿಯ ವೆನೀರ್ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ. ಕೆಲವರಲ್ಲಿ ಇನ್ನೂ ಹೆಚ್ಚು. ಬಳಿಕ ಅದನ್ನು ಬದಲಿಸಬೇಕು. ಹಳೆಯದನ್ನು ಕೆತ್ತಿ ತೆಗೆಯುವಾಗ ಹಲ್ಲಿನ ಅಂಶ ಇನ್ನಷ್ಟು ಹೋಗುವ ಸಂಭವವಿದೆ. ಇಪ್ಪತ್ತೈದರಲ್ಲಿ ಹಾಕಿಸಿಕೊಂಡವಳು ಅರವತ್ತೈದನ್ನು ಮುಟ್ಟುವಷ್ಟರಲ್ಲಿ ಎರಡೋ ಮೂರೋ ಸಲ ಅದೇ ಕುರ್ಚಿಯಲ್ಲಿ ಕೂರಬೇಕಾದೀತು. ಬಣ್ಣ ಬೇಡವೆನಿಸಿತೆಂದು ವೆನೀರ್ ತೆಗೆಸಿ ಹಳೆಯ ಹಲ್ಲಿಗೆ ಮರಳುವ ಹಾದಿ ಇಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿಯನ್ನು ಖರ್ಚು ಮಾಡುವುದು ಬೇರೆ, ಅಸಲನ್ನು ಖರ್ಚು ಮಾಡುವುದು ಬೇರೆ. ಎನಾಮಲ್ ಮರುಗಳಿಕೆಯಿಲ್ಲದ ಅಸಲು. ಅದನ್ನು ಖರ್ಚು ಮಾಡಲು ಸಹಿ ಹಾಕುವವಳು ಇಪ್ಪತ್ತೈದರ ಯುವತಿ; ಸಾಲ ತೀರಿಸುವವಳು ಐವತ್ತರ ಗೃಹಿಣಿ, ಎಪ್ಪತ್ತರ ಮುದುಕಿ. ಹೆಸರು ಒಂದೇ ಆದರೂ ಆ ಮುಂದಿನವರನ್ನು ಕೇಳಿದವರು ಯಾರೂ ಇಲ್ಲ. ಮನುಷ್ಯನು ಪರರಿಗೆ ಮಾತ್ರವಲ್ಲ, ಮುಂದಿನ ತನಗೂ ಉತ್ತರದಾಯಿ. ಮಗನ ಪಾಲಿನ ಆಸ್ತಿಯನ್ನು ಅವನು ಹಸುಳೆಯಾಗಿರುವಾಗ ಮಾರುವ ತಂದೆಗೆ ಯಾವ ಸಂಕೋಚ ಇರಬೇಕೋ, ತನ್ನ ಮುಪ್ಪಿನ ಪಾಲನ್ನು ತಾರುಣ್ಯದಲ್ಲಿ ಮಾರುವವನಿಗೂ ಆ ಸಂಕೋಚ ಸ್ವಲ್ಪವಾದರೂ ಇರಬೇಕು.

ಎರಡನೆಯದು ತಿಳಿವಳಿಕೆಯ ಸಂಗತಿ. ಅರಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಬಟ್ಟೆಯ ಅಂಗಡಿಯಲ್ಲಿ ಗಿರಾಕಿಯು ಸೀರೆಯ ಸೆರಗು ಬಿಡಿಸಿ, ನೂಲು ಎಳೆದು, ಬೆಳಕಿಗೆ ಹಿಡಿದು ನೋಡುತ್ತಾನೆ. ಮನೆಗೆ ಒಯ್ದ ಮೇಲೂ ಮರಳಿಸುವ ಅವಕಾಶವಿರುತ್ತದೆ. ಹಾಗಿದ್ದೂ ಒಳ್ಳೆಯ ವ್ಯಾಪಾರಿಯು ಮಡಿಕೆಯೊಳಗಿನ ದೋಷವನ್ನು ತಾನೇ ತೋರಿಸಿ ಬೆಲೆ ಹೇಳುತ್ತಾನೆ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ನೋಡುವ ಅವಕಾಶವೂ ಇಲ್ಲ, ಮರಳಿಸುವ ಅವಕಾಶವೂ ಇಲ್ಲ. ನೋಡಲಾಗದವನ ಪರವಾಗಿ ನೋಡಬೇಕಾದವನು ಮಾಡುವವನೇ. ಆದ್ದರಿಂದ ಅವನ ಸತ್ಯದ ಹೊಣೆ ಅಂಗಡಿಯವನದಕ್ಕಿಂತ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು.

ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 1995ರಲ್ಲಿ ಸುಪ್ರೀಂ ಕೋರ್ಟು ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿತು. 2008ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಪರ್ಯಾಯ ಮಾರ್ಗಗಳು, ಗಣನೀಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವುಗಳನ್ನು ತಿಳಿಸಿ ಪಡೆದ ಸಮ್ಮತಿಯೇ ನಿಜವಾದ ಸಮ್ಮತಿ ಎಂಬ ತತ್ತ್ವವನ್ನು ವಿಶದಪಡಿಸಿತು. ಎಲ್ಲೋ ಒಬ್ಬರಿಗೆ ಒದಗಬಹುದಾದ ದೂರದ ಅಪಾಯಗಳನ್ನೆಲ್ಲ ವಿವರಿಸಬೇಕಾಗಿಲ್ಲ ಎಂದೂ ಅದು ಹೇಳಿದೆ. ಆದರೆ ಹಲ್ಲು ಜುಮ್ಮೆನ್ನುವುದು ದೂರದ ಅಪಾಯವಲ್ಲ. ಎನಾಮಲ್ ಮರಳದಿರುವುದಂತೂ ಅಪಾಯವೇ ಅಲ್ಲ, ನಿಶ್ಚಯ. ನಿಶ್ಚಯವಾದುದನ್ನು ಹೇಳದೆ ಬಿಡುವುದಕ್ಕೆ ಯಾವ ನೆಪವೂ ಸಲ್ಲದು.

ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಾಶ್ಚಾತ್ಯ ದೇಶಗಳಲ್ಲಿಯೇ ನಿದರ್ಶನವಿದೆ. ಇತ್ತೀಚಿನ ವರ್ಷಗಳಲ್ಲಿ ಬ್ರಿಟನ್ನಿನ ಅನೇಕ ತರುಣ ತರುಣಿಯರು ಕಡಿಮೆ ಖರ್ಚಿನಲ್ಲಿ ವೆನೀರ್ ಸಿಗುತ್ತದೆಂದು ಟರ್ಕಿಗೆ ಹೋಗಿ ಬಂದರು. ಅವರಲ್ಲಿ ಹಲವರಿಗೆ ವಾಸ್ತವವಾಗಿ ಹಾಕಿದ್ದು ಹಲ್ಲನ್ನು ಸುತ್ತಲೂ ಗೂಟದಂತೆ ಕೆತ್ತಿ ತೊಡಿಸುವ ಕ್ಯಾಪುಗಳು. ತಮ್ಮ ಹಲ್ಲಿಗೆ ಏನಾಯಿತೆಂಬುದು ಕೆಲವರಿಗೆ ತಿಳಿದದ್ದು ಊರಿಗೆ ಮರಳಿ, ನೋವಿನಿಂದ ಬೇರೆ ವೈದ್ಯರ ಬಳಿ ಹೋದಾಗ. ಇವೆರಡರ ಅಂತರ ಹೆಸರಿನದಷ್ಟೇ ಅಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಮುಂದಿನ ಹಲ್ಲುಗಳಲ್ಲಿ ವೆನೀರಿನಂಥ ಅಂಟುಹೊದಿಕೆಗಳಿಗಾಗಿ ಹಲ್ಲಿನ ಹೊರಭಾಗದ ತೂಕದಲ್ಲಿ ನೂರಕ್ಕೆ 3ರಿಂದ 30 ಭಾಗ ತೆಗೆಯಬೇಕಾದರೆ, ಪೂರ್ಣ ಕ್ಯಾಪಿಗೆ 63ರಿಂದ 72 ಭಾಗ ಹೋಗುತ್ತದೆ. ಒಂದು ಶಬ್ದದ ಮರೆಯಲ್ಲಿ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕಾಣೆಯಾಯಿತು. ತೂಕದ ಕಲ್ಲು ಬದಲಾಯಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಹೋಗುವುದು ಧಾನ್ಯ, ಮತ್ತೆ ಬೆಳೆಯುತ್ತದೆ.

ಹಾಗಾದರೆ ವೈದ್ಯರ ಕರ್ತವ್ಯವೇನು? ಅಲ್ಪ ಹಾನಿಯ ಮೆಟ್ಟಿಲಿನಿಂದ ಆರಂಭಿಸುವುದು. ಮೊದಲು ಶುಚಿಗೊಳಿಸುವುದು, ಸಾಲದಿದ್ದರೆ ಬಿಳುಪು ಮಾಡುವುದು. ಇದರಲ್ಲಿಯೂ ಕೆಲ ದಿನ ಜುಮ್ಮೆನ್ನಬಹುದು, ಆದರೆ ಹಲ್ಲನ್ನು ಕೊರೆಯಬೇಕಾಗಿಲ್ಲ. ಸಂದು ಮುಚ್ಚಲು ಹಲ್ಲಿನ ಬಣ್ಣದ ರಾಳವನ್ನು ಮೇಲೆ ಸೇರಿಸಿದರೆ ಸಾಕಾದೀತು. ಕಡೆಗೂ ವೆನೀರೇ ಬೇಕಾದರೆ, ಉಜ್ಜುವ ಮೊದಲು ಕಳಚಬಹುದಾದ ಮಾದರಿಯನ್ನು ಹಲ್ಲಿನ ಮೇಲಿಟ್ಟು ತೋರಿಸಿ, ಯೋಚಿಸಲು ಕಾಲಾವಕಾಶ ಕೊಡುವುದು. ಆದಷ್ಟು ಎನಾಮಲ್ಲಿನೊಳಗೇ ಕೆಲಸ ಮುಗಿಸುವುದು. ಮತ್ತು, "ಇದು ಮರಳಿ ಬರುವುದಿಲ್ಲ, ಕೆಲಕಾಲ ಜುಮ್ಮೆನ್ನಬಹುದು, ಮುಂದೆ ಬದಲಿಸಬೇಕಾಗುತ್ತದೆ" ಎಂಬ ಮೂರು ಮಾತುಗಳನ್ನು ಮುಂಗಡ ಪಡೆಯುವ ಮುಂಚೆಯೇ ಹೇಳುವುದು. ಈ ಮಾತುಗಳನ್ನು ಕೇಳಿ ಹತ್ತರಲ್ಲಿ ಇಬ್ಬರು ಎದ್ದು ಹೋದರೆ ಆ ನಷ್ಟ ನಷ್ಟವಲ್ಲ. ಉಳಿದ ಎಂಟು ಜನರ ವಿಶ್ವಾಸಕ್ಕೆ ಅದು ಬೆಲೆ. ಹೀಗೆ ಹೇಳಿ ಮಾಡುವ ವೈದ್ಯರೂ ಇದ್ದಾರೆಂಬುದನ್ನು ಮರೆಯಬಾರದು.

ಮಾಡಿಸಿಕೊಳ್ಳುವವರ ಕರ್ತವ್ಯವೂ ಉಂಟು. ಮದುವೆಯ ತಾರೀಖು ಹತ್ತಿರವಿಟ್ಟುಕೊಂಡು ಅವಸರಪಡಿಸುವುದು ವೈದ್ಯರ ವಿವೇಕವನ್ನೂ ಕೆಡಿಸುತ್ತದೆ. ಒಂದು ದಿನದ ಛಾಯಾಚಿತ್ರಕ್ಕಾಗಿ ಬಾಳಿನುದ್ದದ ವಸ್ತುವನ್ನು ಕೊಡುತ್ತಿದ್ದೇನೆಯೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಉತ್ತರ ಬೇರೆಯಾಗಿದ್ದರೆ, ನಿಜವಾದ ಸಂಕಟವೊಂದು ಪರಿಹಾರವಾಗುವುದಿದ್ದರೆ, ಅಂಜಿಕೆಯಿಲ್ಲದೆ ಮುಂದುವರಿಯಬಹುದು.

ಆದರೆ ಎಲ್ಲಕ್ಕಿಂತ ಹೆಚ್ಚಿನ ಹೊಣೆ ಈ ಇಬ್ಬರದೂ ಅಲ್ಲ. ಆ ಯುವತಿ ಹುಟ್ಟಿನಿಂದಲೇ ತನ್ನ ಹಲ್ಲಿಗೆ ನಾಚಿದವಳಲ್ಲ. ಹೆಣ್ಣು ನೋಡಲು ಬಂದವರಲ್ಲಿ ಯಾರೋ ಒಬ್ಬರು, "ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲೊಂದು ಸರಿಯಿದ್ದಿದ್ದರೆ" ಎಂದಿರಬಹುದು. ತರಗತಿಯಲ್ಲಿ ಯಾರೋ ಅಡ್ಡಹೆಸರು ಇಟ್ಟಿರಬಹುದು. ಮನೆಯವರೇ ಮಮತೆಯ ಮಾತಿನಲ್ಲಿ ಅದನ್ನು ಹತ್ತು ಸಲ ನೆನಪಿಸಿರಬಹುದು. ವೈದ್ಯರ ಉಪಕರಣ ಹಲ್ಲನ್ನು ಮುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದು ಮಾತು ಮನಸ್ಸನ್ನು ಉಜ್ಜಿರುತ್ತದೆ. ಹಿಂಸೆ ಕಾಯದಿಂದ ಮಾತ್ರವಲ್ಲ, ವಾಕ್ಕಿನಿಂದಲೂ ಆಗುತ್ತದೆ ಎಂದು ಬಾಲ್ಯದಿಂದ ಕೇಳಿ ಬಂದವರು ಈ ಮಾತುಗಳನ್ನು ಹಿಂಸೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮಾತಾಡಿದವರು ಮನೆಗೆ ಹೋಗಿ ಮರೆತರು. ಕೇಳಿದವಳು ತನ್ನ ಹಲ್ಲಿನಿಂದ ಬೆಲೆ ತೆತ್ತಳು.

ನೋವು ಬಂದ ಮೇಲೆ ಅವಳನ್ನು, "ಚೆಂದಕ್ಕೆ ಹೋಗಿ ಅನುಭವಿಸು" ಎಂದು ಮೂದಲಿಸುವುದು ಎರಡನೆಯ ಹಿಂಸೆ. ಅವಳಿಗೆ ಬೇಕಾದುದು ಸರಿಯಾದ ಪರೀಕ್ಷೆ, ಸತ್ಯವಾದ ಉತ್ತರ, ಜೊತೆಗೆ ಹೋಗುವ ಒಬ್ಬರು.

ಅವಳ ಜುಮ್ಮೆನ್ನುವಿಕೆ ಎರಡು ವಾರಗಳಲ್ಲಿ ನಿಂತಿತೆಂದೇ ಇಟ್ಟುಕೊಳ್ಳಬಹುದು. ಮಜ್ಜಿಗೆ ಮತ್ತೆ ಮಜ್ಜಿಗೆಯಾಗುತ್ತದೆ. ಆದರೆ ಆ ಎರಡು ವಾರ ಅವಳ ಹಲ್ಲು ಹೇಳಿದ್ದು ಸುಳ್ಳಲ್ಲ. ಅಲ್ಲಿದ್ದ ಏನೋ ಈಗ ಇಲ್ಲ ಎಂಬುದನ್ನಷ್ಟೇ ಅದು ಹೇಳಿತು. ಆ ಮಾತನ್ನು ಹಲ್ಲು ಹೇಳುವುದಕ್ಕೆ ಮೊದಲು ಮನುಷ್ಯರು ಹೇಳಿದ್ದರೆ ಅವಳು ಬೇಡವೆನ್ನುತ್ತಿದ್ದಳೋ, ತಿಳಿದೇ ಒಪ್ಪುತ್ತಿದ್ದಳೋ. ಎರಡರಲ್ಲಿ ಯಾವುದಾಗಿದ್ದರೂ ಆ ನಿರ್ಧಾರ ಅವಳದಾಗಿರುತ್ತಿತ್ತು.